ಸ್ವಯಂಚಾಲನೆಯ ಸೌಲಭ್ಯವೂ ಹಳೆಯ ವಿದ್ಯುತ್ ಕಾರಿನ ಬೆಲೆಯೂ

ಬೆಂಗಳೂರಿನಲ್ಲಿ ಮೊದಲ ಒಡೆಯನ ಕೈಯಲ್ಲಿ ಮೂರು ನಾಲ್ಕು ವರ್ಷ ಓಡಿದ ವಿದ್ಯುತ್ ಕಾರುಗಳು ಎರಡನೆಯ ಒಡೆಯನನ್ನು ಅರಸಿಕೊಂಡು ಹಾಸನ, ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಊರುಗಳತ್ತ ಬರತಕ್ಕ ಕಾಲವು ಸನ್ನಿಹಿತವಾಗಿದೆ. ಪೆಟ್ರೋಲು ಡೀಸೆಲು ಗಾಡಿಗಳ ವಿಷಯದಲ್ಲಿ ಈ ಸಂಚಾರವು ಬಹುಕಾಲದಿಂದ ನಡೆದುಬಂದಿದೆ. ರಾಜಧಾನಿಯ ಉದ್ಯೋಗಸ್ಥನು ಹೊಸ ಮಾದರಿಯ ಆಸೆಗೆ ಬಿಟ್ಟುಕೊಟ್ಟ ಗಾಡಿಯು ಇಲ್ಲಿನ ತೆಂಗಿನ ತೋಟದವನಿಗೋ ಶಾಲೆಯ ಅಧ್ಯಾಪಕನಿಗೋ ಔಷಧದಂಗಡಿಯವನಿಗೋ ದೊರೆತು ಮತ್ತೆ ಹತ್ತು ವರ್ಷ ಬಾಳುತ್ತದೆ. ಆದರೆ ವಿದ್ಯುತ್ ಕಾರಿನೊಡನೆ ಹಿಂದೆಂದೂ ಇರದಿದ್ದ ಒಂದು ಪದಾರ್ಥವು ಈಗ ಮಾರಾಟಕ್ಕೆ ಬರುತ್ತಿದೆ. ಮುಂದಿನ ಗಾಡಿಯ ವೇಗವನ್ನು ತಾನೇ ಅಳೆದು ತನ್ನ ವೇಗವನ್ನು ಅದಕ್ಕೆ ಹೊಂದಿಸಿಕೊಳ್ಳುವ, ರಸ್ತೆಯ ಗೆರೆಗಳ ನಡುವೆ ಗಾಡಿಯನ್ನು ಹಿಡಿದು ನಿಲ್ಲಿಸುವ, ಅಪಾಯ ಎದುರಾದಾಗ ಚಾಲಕನ ಕಾಲಿಗಿಂತ ಮೊದಲು ಬ್ರೇಕನ್ನು ಒತ್ತುವ ಯಂತ್ರಬುದ್ಧಿಯೇ ಆ ಪದಾರ್ಥ. ಹೊಸ ಕಾರು ಕೊಳ್ಳುವವನು ಇದಕ್ಕಾಗಿ ಲಕ್ಷಗಳ ಲೆಕ್ಕದಲ್ಲಿ ಹೆಚ್ಚು ಹಣವನ್ನು ತೆರುತ್ತಾನೆ. ಆ ಹಣದಲ್ಲಿ ಎಷ್ಟು ಪಾಲು ಮರುಮಾರಾಟದ ದಿನ ಅವನಿಗೆ ಹಿಂದಿರುಗುತ್ತದೆ, ಎಷ್ಟು ಪಾಲು ಎರಡನೆಯವನಿಗೆ ನಿಜವಾದ ಪ್ರಯೋಜನವಾಗಿ ಸಲ್ಲುತ್ತದೆ, ಎಷ್ಟು ಪಾಲು ಇಬ್ಬರ ಕೈಗೂ ಸಿಗದೆ ಕಳೆದುಹೋಗುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸ್ವಯಂಚಾಲನೆ ಎಂದು ಜಾಹೀರಾತಿನಲ್ಲಿ ಕರೆಯಲ್ಪಡುವುದೆಲ್ಲವೂ ಸ್ವಯಂಚಾಲನೆಯಲ್ಲ. ಅಂತರರಾಷ್ಟ್ರೀಯವಾಗಿ ಮಾನ್ಯವಾದ ವರ್ಗೀಕರಣವು ಸೊನ್ನೆಯಿಂದ ಐದರವರೆಗೆ ಆರು ಹಂತಗಳನ್ನು ಗುರುತಿಸುತ್ತದೆ. ಸೊನ್ನೆಯಲ್ಲಿ ಎಲ್ಲವೂ ಮನುಷ್ಯನದು. ಐದರಲ್ಲಿ ಮನುಷ್ಯನ ಅವಶ್ಯಕತೆಯೇ ಇಲ್ಲ. ನಮ್ಮ ದೇಶದಲ್ಲಿ ಜನರು ‘ಎಡಾಸ್’ ಎಂದು ಕರೆಯುವ, ಮಹೀಂದ್ರ, ಹ್ಯುಂಡೈ, ಎಂ.ಜಿ., ಟಾಟಾ ಮೊದಲಾದ ಕಂಪನಿಗಳ ವಿದ್ಯುತ್ ಕಾರುಗಳಲ್ಲಿ ದೊರೆಯುವ ವ್ಯವಸ್ಥೆಗಳು ಎರಡನೆಯ ಹಂತಕ್ಕೆ ಸೇರಿದವು. ಅಂದರೆ ಯಂತ್ರವು ನೆರವಾಗುತ್ತದೆ, ಹೊಣೆಯು ಸಂಪೂರ್ಣವಾಗಿ ಚಾಲಕನದೇ ಆಗಿ ಉಳಿಯುತ್ತದೆ. ಚಾಲಕನಿಲ್ಲದ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡಲಾಗದು, ಅವು ಲಕ್ಷಾಂತರ ಚಾಲಕರ ಜೀವನೋಪಾಯವನ್ನು ಕಸಿಯುತ್ತವೆ ಎಂಬ ಅಭಿಪ್ರಾಯವನ್ನು ಕೇಂದ್ರ ಸಾರಿಗೆ ಸಚಿವರಾದ ನಿತಿನ್ ಗಡ್ಕರಿಯವರು 2017ರಲ್ಲಿಯೂ ಮತ್ತೆ 2023ರಲ್ಲಿಯೂ ಬಹಿರಂಗವಾಗಿ ಹೇಳಿದ್ದಾರೆ. ಬೆಂಗಳೂರಿನಲ್ಲಿಯಾದರೋ ವಿಪ್ರೋ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಒಡಗೂಡಿ ನಡೆಸಿದ ಪ್ರಯತ್ನದ ಫಲವಾಗಿ ಚಾಲಕರಹಿತ ಕಾರೊಂದರ ಮಾದರಿಯು 2025ರಲ್ಲಿ ಕಾಲೇಜಿನ ಆವರಣದಲ್ಲಿ ಓಡಿತು. ವಿದ್ವತ್ತಿನ ದೃಷ್ಟಿಯಿಂದ ಅದು ಸಂತೋಷಪಡತಕ್ಕ ವಿಷಯ. ಮಾರುಕಟ್ಟೆಯ ದೃಷ್ಟಿಯಿಂದ ಮಾತ್ರ ನಮ್ಮ ಪ್ರಶ್ನೆಯು ಎರಡನೆಯ ಹಂತದ ನೆರವಿಗೇ ಸೀಮಿತವಾದುದು.

ವಿದ್ಯುತ್ ಕಾರಿನ ಮರುಮಾರಾಟದ ಅನುಭವವು ಕರ್ನಾಟಕಕ್ಕೆ ಹೊಸತಲ್ಲ. ಚೇತನ್ ಮೈನಿಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ರೇವಾ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಿತು. 2010ರಲ್ಲಿ ಮಹೀಂದ್ರ ಕಂಪನಿಯ ಅಧೀನವಾಯಿತು. ಸೀಸದ ಬ್ಯಾಟರಿಗಳ ಮೇಲೆ ಒಮ್ಮೆಗೆ ಸುಮಾರು 80 ಕಿಲೋಮೀಟರು ಸಾಗುತ್ತಿದ್ದ ಆ ಪುಟ್ಟ ಗಾಡಿಯನ್ನು ಎರಡನೆಯ ಕೈಗೆ ಕೊಳ್ಳುವವನು ಬಣ್ಣವನ್ನಾಗಲಿ ಆಸನವನ್ನಾಗಲಿ ಮೊದಲು ನೋಡುತ್ತಿರಲಿಲ್ಲ. ಬ್ಯಾಟರಿಯನ್ನು ಬದಲಾಯಿಸಿ ಎಷ್ಟು ಕಾಲವಾಯಿತೆಂದು ಕೇಳುತ್ತಿದ್ದನು. ಹೊಸ ಬ್ಯಾಟರಿಯಿದ್ದ ಹಳೆಯ ರೇವಾಕ್ಕೆ ಬೆಲೆಯಿತ್ತು. ದಣಿದ ಬ್ಯಾಟರಿಯ ರೇವಾ ಎಷ್ಟು ಅಂದವಾಗಿದ್ದರೂ ನಿಂತಲ್ಲೇ ನಿಲ್ಲುತ್ತಿತ್ತು. ಲಿಥಿಯಂ ಬಂದ ಮೇಲೆ ಬ್ಯಾಟರಿಯ ಆಯುಷ್ಯ ಬಹಳ ಹೆಚ್ಚಿದೆ, ಕೊಳ್ಳುವವನ ಪ್ರಥಮ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಈ ಮಾತನ್ನು ಇಂದಿನ ಗಾಡಿಗಳಿಗೆ ಅನ್ವಯಿಸಿ ನೋಡೋಣ. 2020ರ ಜನವರಿಯಲ್ಲಿ ಸುಮಾರು 14 ಲಕ್ಷ ರೂಪಾಯಿಗಳ ಆರಂಭದ ಬೆಲೆಗೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರೇ ನಮ್ಮಲ್ಲಿ ಈ ಬಗೆಯ ಕಾರನ್ನು ಸಾಮಾನ್ಯ ಕುಟುಂಬಗಳಿಗೆ ಪರಿಚಯ ಮಾಡಿಕೊಟ್ಟಿತು. ಅದರ 30.2 ಕಿಲೋವ್ಯಾಟ್ ಗಂಟೆಯ ಬ್ಯಾಟರಿಗೆ ಪ್ರಮಾಣಪತ್ರದ ಪ್ರಕಾರ 312 ಕಿಲೋಮೀಟರಿನ ಶಕ್ತಿ. ನಿತ್ಯದ ರಸ್ತೆಯಲ್ಲಿ ಇನ್ನೂರರ ಆಸುಪಾಸು. ಬೆಂಗಳೂರಿನಿಂದ ಹಳೇಬೀಡಿಗೆ ಇನ್ನೂರಕ್ಕೆ ಮಿಕ್ಕ ದೂರವಿರುವುದರಿಂದ, ಅಂಥ ಕಾರಿನ ಎರಡನೆಯ ಒಡೆಯನು ತನ್ನ ಊರಿಗೆ ಅದನ್ನು ಮೊದಲ ಬಾರಿ ತರುವಾಗಲೇ ದಾರಿಯಲ್ಲಿ ಒಮ್ಮೆ ನಿಂತು ವಿದ್ಯುತ್ತನ್ನು ತುಂಬಿಸಿಕೊಳ್ಳಬೇಕಾಗುತ್ತದೆ. 2024ರ ಕೊನೆಯ ಹೊತ್ತಿಗೆ 5,700ಕ್ಕೂ ಹೆಚ್ಚಿನ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಂದ ಕರ್ನಾಟಕವು ದೇಶಕ್ಕೆ ಅಗ್ರಗಣ್ಯವಾಗಿತ್ತೆಂಬುದು ನಿಜ. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದುವೆಂಬುದೂ ಅಷ್ಟೇ ನಿಜ. ಇಂತಿರಲು, ಬ್ಯಾಟರಿಯ ಉಳಿದ ಶಕ್ತಿಯು ಬೇಲೂರು ತಾಲ್ಲೂಕಿನ ಕೊಳ್ಳುಗನಿಗೆ ನಗರದವನಿಗಿಂತ ಹೆಚ್ಚಿನ ಬೆಲೆಯುಳ್ಳದ್ದಾದರೆ ಅದರಲ್ಲಿ ಆಶ್ಚರ್ಯವಿಲ್ಲ.

ಗಮನಿಸಬೇಕಾದ ಸಂಗತಿಯೊಂದಿದೆ. ಆ ಮೊದಲ ನೆಕ್ಸಾನಿನಲ್ಲಿ ಎಡಾಸ್ ಇರಲಿಲ್ಲ; ಟಿಯಾಗೊ ವಿದ್ಯುತ್ ಕಾರಿನಲ್ಲಿ ಇರಲಿಲ್ಲ; ಮಹೀಂದ್ರದ ಎಕ್ಸ್‌ಯುವಿ 400ರಲ್ಲಿಯೂ ಇರಲಿಲ್ಲ. ಎಂ.ಜಿ. ಜೆಡ್‌ಎಸ್ ವಿದ್ಯುತ್ ಕಾರಿಗೆ 2023ರಲ್ಲಿ ಎರಡನೆಯ ಹಂತದ ನೆರವು ಬಂದಿತು. ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳು 2024ರ ನವೆಂಬರಿನಲ್ಲಿಯೂ ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್ 2025ರ ಜನವರಿಯಲ್ಲಿಯೂ ಅದೇ ನೆರವಿನೊಡನೆ ಪ್ರಕಟವಾದುವು. ನೆಕ್ಸಾನಿನ ದೊಡ್ಡ ಬ್ಯಾಟರಿಯ ಮಾದರಿಗೂ 2025ರಲ್ಲಿ ಎಡಾಸ್ ದೊರೆಯಿತು. ಆದುದರಿಂದ ಇಂದು ಹಳೆಯ ಕಾರುಗಳ ಅಂಗಳದಲ್ಲಿ ನಿಂತಿರುವ ವಿದ್ಯುತ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಈ ಸೌಲಭ್ಯವೇ ಇಲ್ಲ. ಅವುಗಳ ಬೆಲೆಯನ್ನು ಕುಗ್ಗಿಸಿರುವ ಕಾರಣಗಳು ಬೇರೆ. ಹೊಸ ಕಾರುಗಳ ಬೆಲೆಯನ್ನು ಕಂಪನಿಗಳೇ ಇಳಿಸಿದುವು. ಟಾಟಾ ಕಂಪನಿಯು 2024ರ ಫೆಬ್ರವರಿಯಲ್ಲಿ ನೆಕ್ಸಾನ್ ವಿದ್ಯುತ್ ಕಾರಿನ ಬೆಲೆಯಿಂದ 1.2 ಲಕ್ಷದವರೆಗೆ ಕಳೆಯಿತು, ಅದೇ ವರ್ಷದ ಹಬ್ಬದ ಕಾಲದಲ್ಲಿ ಕೆಲವು ಮಾದರಿಗಳಿಂದ 3 ಲಕ್ಷದವರೆಗೆ. ಹೊಸತೇ ಅಗ್ಗವಾದಾಗ ಹಳೆಯದು ಹಳೆಯ ಬೆಲೆಯನ್ನು ಹಿಡಿದು ಕುಳಿತಿರಲಾರದು. ಜಗತ್ತಿನ ಮಾರುಕಟ್ಟೆಯಲ್ಲಿ ಬ್ಯಾಟರಿಯ ಸರಾಸರಿ ಬೆಲೆಯು 2024ರಲ್ಲಿ ಕಿಲೋವ್ಯಾಟ್ ಗಂಟೆಗೆ 115 ಡಾಲರಿಗೆ, ಅಂದರೆ ಒಂದೇ ವರ್ಷದಲ್ಲಿ ಐದನೆಯ ಒಂದು ಪಾಲಿನಷ್ಟು, ಇಳಿದುದೂ ಇದರ ಹಿಂದಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿಯು, ನೋಂದಾಯಿತ ವ್ಯಾಪಾರಿಯು ಹಳೆಯ ವಿದ್ಯುತ್ ಕಾರನ್ನು ಮಾರಿದಾಗ ಅವನ ಲಾಭಾಂಶದ ಮೇಲಣ ತೆರಿಗೆಯನ್ನು ಶೇಕಡಾ 12ರಿಂದ 18ಕ್ಕೆ ಏರಿಸಿತು. ಮನುಷ್ಯನು ಮನುಷ್ಯನಿಗೆ ನೇರವಾಗಿ ಮಾರಿದರೆ ಆ ತೆರಿಗೆಯಿಲ್ಲ.

ಸ್ವಯಂಚಾಲನೆಯ ಸೌಲಭ್ಯಕ್ಕೆ ಹಳೆಯ ಕಾರಿನಲ್ಲಿ ಏನಾಗುತ್ತದೆಂಬುದನ್ನು ತಿಳಿಯಬೇಕಾದರೆ ಅಮೆರಿಕದತ್ತ ನೋಡಬೇಕು. ಅಲ್ಲಿ ಟೆಸ್ಲಾ ಕಂಪನಿಯ ಗ್ರಾಹಕರು ಈ ಪ್ರಯೋಗವನ್ನು ತಮ್ಮ ಸ್ವಂತ ಹಣದಿಂದ ಸುಮಾರು ಒಂದು ದಶಕದಿಂದ ನಡೆಸಿದ್ದಾರೆ. ಅಂಥ ಕಾರನ್ನು ಇಂದು ಕೊಂಡವನ ಆಸ್ತಿಯು ಕಾಲಕ್ರಮದಲ್ಲಿ ಬೆಳೆಯುತ್ತದೆಂದು, ಒಡೆಯನು ಮಲಗಿರುವಾಗ ಕಾರು ಬಾಡಿಗೆಗೆ ದುಡಿಯುತ್ತದೆಂದು, ಕಂಪನಿಯ ಮುಖ್ಯಸ್ಥರಾದ ಎಲಾನ್ ಮಸ್ಕ್ 2019ರಲ್ಲಿ ಆಶ್ವಾಸನೆ ಕೊಟ್ಟಿದ್ದರು. ನಡೆದದ್ದು ಇದಕ್ಕೆ ವಿರುದ್ಧವಾದುದು. ಪೂರ್ಣ ಸ್ವಯಂಚಾಲನೆಯೆಂಬ ಹೆಸರಿನ ತಂತ್ರಾಂಶವನ್ನು 2022ರ ಸೆಪ್ಟೆಂಬರಿನಲ್ಲಿ 15,000 ಡಾಲರ್ ಕೊಟ್ಟು ಕೊಂಡವನು, ಅದೇ ತಂತ್ರಾಂಶವು ಮರುವರ್ಷ 12,000ಕ್ಕೂ 2024ರ ಏಪ್ರಿಲಿನಲ್ಲಿ 8,000ಕ್ಕೂ ಇಳಿದುದನ್ನು ಕಂಡನು. ಅದಕ್ಕಿಂತ ಮುಖ್ಯವಾದುದು ಮಾಸಿಕ ಚಂದಾದ ಏರ್ಪಾಡು. ತಿಂಗಳಿಗೆ 99 ಡಾಲರ್ ಕೊಟ್ಟರೆ ಯಾರಿಗಾದರೂ ಅದೇ ಸೌಲಭ್ಯ ದೊರೆಯುವುದಾದರೆ, ಹಳೆಯ ಕಾರಿನಲ್ಲಿ ಅದು ಮೊದಲೇ ಅಡಕವಾಗಿದೆಯೆಂಬ ಕಾರಣಕ್ಕೆ ಸಾವಿರಾರು ಡಾಲರುಗಳನ್ನು ಹೆಚ್ಚಾಗಿ ಕೊಡುವವನಾರು? 8,000 ಡಾಲರು ಎಂದರೆ ಎಂಬತ್ತು ತಿಂಗಳ ಚಂದಾ. ಬೇಕಾದಾಗ ತೆತ್ತು ಬೇಡವಾದಾಗ ನಿಲ್ಲಿಸುವ ಸ್ವಾತಂತ್ರ್ಯವಿರುವವನು ಆರೂಮುಕ್ಕಾಲು ವರ್ಷದ ಹಣವನ್ನು ಒಂದೇ ಸಲ ಎಣಿಸಿ ಕೊಡಲಾರನು. ಹೀಗೆ ಕಂಪನಿಯ ಮಾಸಿಕ ದರವೇ ಹಳೆಯ ಕಾರಿನ ತಂತ್ರಾಂಶಕ್ಕೆ ಮೇಲಣ ಮಿತಿಯಾಗಿ ನಿಂತಿತು.

ಇನ್ನೂ ಗಂಭೀರವಾದ ಪ್ರಕರಣವೊಂದು 2020ರ ಆರಂಭದಲ್ಲಿ ಬೆಳಕಿಗೆ ಬಂದಿತು. ಟೆಸ್ಲಾ ಕಂಪನಿಯೇ ಹರಾಜಿನಲ್ಲಿ ಮಾರಿದ ಕಾರೊಂದನ್ನು ವ್ಯಾಪಾರಿಯೊಬ್ಬನು ಕೊಂಡು, ಸ್ವಯಂಚಾಲನೆಯ ಸೌಲಭ್ಯವಿರುವ ಗಾಡಿಯೆಂದೇ ಗ್ರಾಹಕನಿಗೆ ಮಾರಿದನು. ಕಂಪನಿಯು ದೂರದಿಂದಲೇ ಪರಿಶೀಲನೆ ನಡೆಸಿ, ಈ ಸೌಲಭ್ಯಕ್ಕೆ ಹಣ ಸಂದಿಲ್ಲವೆಂದು ಅದನ್ನು ಅಳಿಸಿಹಾಕಿತು. ವಿಷಯವು ಪತ್ರಿಕೆಗಳಲ್ಲಿ ಪ್ರಕಟವಾಗಿ ಆಕ್ಷೇಪಣೆ ಎದ್ದ ಮೇಲೆ ಆ ಗ್ರಾಹಕನಿಗೆ ಅದು ಮರಳಿ ದೊರೆಯಿತೆಂಬುದು ಸಮಾಧಾನದ ಮಾತು. ಆದರೂ ಅಂಗಳದಲ್ಲಿ ನಿಂತ ಗಾಡಿಯೊಳಗಿನ ಒಂದು ಭಾಗವನ್ನು ಯಾರೂ ಕೈಯಿಂದ ಮುಟ್ಟದೆ ಹಿಂತೆಗೆದುಕೊಳ್ಳಬಹುದೆಂಬುದು ಅಂದು ಜಗತ್ತಿಗೆ ಗೊತ್ತಾಯಿತು. ತೋಟವನ್ನು ಕ್ರಯಕ್ಕೆ ಕೊಂಡವನಿಗೆ ಬಾವಿಯ ನೀರು ಮಾತ್ರ ಹಳೆಯ ಒಡೆಯನ ಹೆಸರಿನಲ್ಲಿಯೇ ಉಳಿದಂತೆ ಇದು. ಮುಂದೆ 2025ರ ಜನವರಿಯಲ್ಲಿ, ಮೂರನೆಯ ತಲೆಮಾರಿನ ಗಣಕವುಳ್ಳ ಹಳೆಯ ಕಾರುಗಳು ಪೂರ್ಣ ಸ್ವಯಂಚಾಲನೆಗೆ ಸಾಲವು, ಆ ತಂತ್ರಾಂಶವನ್ನು ಕೊಂಡವರಿಗೆ ಗಣಕವನ್ನೇ ಬದಲಾಯಿಸಿ ಕೊಡಬೇಕಾಗಬಹುದು ಎಂದು ಮಸ್ಕ್ ಅವರೇ ಒಪ್ಪಿಕೊಂಡರು. ತಂತ್ರಾಂಶವು ಹೊಸದಾಗುತ್ತ ಹೋದರೂ ಅದನ್ನು ಹೊರುವ ಯಂತ್ರಾಂಶವು ಹಳೆಯದಾಗುತ್ತದೆ. ಎಂಜಿನ್ನಿನ ಸವೆತಕ್ಕಿಂತ ಈ ಸವೆತವು ಶೀಘ್ರವಾದುದು.

ಚೀನ ದೇಶದಲ್ಲಿ ಬೇರೊಂದು ಬಗೆಯಿಂದ ಇದೇ ಪರಿಣಾಮವಾಯಿತು. ಬಿವೈಡಿ ಕಂಪನಿಯು 2025ರ ಫೆಬ್ರವರಿಯಲ್ಲಿ ತನ್ನ ಚಾಲನಾ ನೆರವಿನ ವ್ಯವಸ್ಥೆಯನ್ನು 69,800 ಯುವಾನಿನ ಪುಟ್ಟ ಕಾರಿನವರೆಗೂ ವಿಸ್ತರಿಸಿ, ಅದಕ್ಕೆ ಪ್ರತ್ಯೇಕ ಬೆಲೆಯನ್ನೇ ಇಡಲಿಲ್ಲ. ನಿನ್ನೆ ಹಣ ತೆತ್ತು ಪಡೆದುದು ಇಂದು ಹೊಸ ಕಾರಿನೊಡನೆ ಸುಮ್ಮನೆ ಬರುತ್ತದೆಂದಾದರೆ ಹಳೆಯ ಕಾರಿನಲ್ಲಿ ಅದಕ್ಕೆ ಪ್ರತ್ಯೇಕ ಬೆಲೆ ಕೇಳುವ ಬಗೆಯಾದರೂ ಹೇಗೆ? ಭಾರತದಲ್ಲಿ ಟೆಸ್ಲಾ ಕಂಪನಿಯು 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಮಳಿಗೆ ತೆರೆದಾಗ, ಸುಮಾರು 60 ಲಕ್ಷ ರೂಪಾಯಿಗಳ ಕಾರಿಗೆ ಪೂರ್ಣ ಸ್ವಯಂಚಾಲನೆಯ ಹೆಸರಿನಲ್ಲಿ ಇನ್ನೂ 6 ಲಕ್ಷವನ್ನು ಕೇಳಿತು. ಆ ಶಕ್ತಿಯು ಆಗ ನಮ್ಮ ರಸ್ತೆಗಳಲ್ಲಿ ಬಳಕೆಗೆ ಬಂದಿರಲಿಲ್ಲ. ಕೊಂಡವನು ಕೊಂಡದ್ದು ಭವಿಷ್ಯದ ಭರವಸೆಯನ್ನು. ಅಂಥ ಭರವಸೆಯನ್ನು ಮತ್ತೊಬ್ಬನಿಗೆ ಕ್ರಯಪತ್ರ ಮಾಡಿಕೊಡುವುದು ಕಷ್ಟ.

ಇನ್ನು ನಮ್ಮ ದಾರಿಗೆ ಬರೋಣ. ನೆಲಮಂಗಲದಿಂದ ಕುಣಿಗಲ್, ಚನ್ನರಾಯಪಟ್ಟಣಗಳ ಮೇಲೆ ಹಾಸನಕ್ಕೆ ಬರುವ ಹೆದ್ದಾರಿಯು ವಿಶಾಲವಾದುದು. ನಡುವೆ ವಿಭಜಕವಿದೆ, ಬಿಳಿಯ ಗೆರೆಗಳು ಸ್ಪಷ್ಟವಾಗಿವೆ. ಅಲ್ಲಿ ವೇಗವನ್ನು ಹೊಂದಿಸಿಕೊಳ್ಳುವ ಯಂತ್ರವು ನಿಜವಾಗಿಯೂ ವಿಶ್ರಾಂತಿಯನ್ನು ಕೊಡುತ್ತದೆ. ದೀರ್ಘ ಪ್ರಯಾಣದ ಆಯಾಸವನ್ನು ಕಡಿಮೆಮಾಡುವ ಅದರ ಗುಣವನ್ನು ಅಲ್ಲಗಳೆಯಲಾಗದು. ಹಾಸನದಿಂದ ಹಗರೆಯ ಮೇಲೆ ಹಳೇಬೀಡಿಗೆ ತಿರುಗಿದ ಮೇಲೆ, ಅಥವಾ ಹಳೇಬೀಡಿನಿಂದ ಜಾವಗಲ್ಲು ಬಾಣಾವರಗಳನ್ನು ಹಾದು ಅರಸೀಕೆರೆಯ ಕಡೆಗೆ ಹೊರಟ ಮೇಲೆ, ರಸ್ತೆಯ ಸ್ವಭಾವವೇ ಬೇರೆ. ಸುಗ್ಗಿಯ ದಿನಗಳಲ್ಲಿ ರೈತರು ರಾಗಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿ, ಹಾದುಹೋಗುವ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ರಸ್ತೆಯ ಗೆರೆಯು ಹುಲ್ಲಿನಡಿಯಲ್ಲಿ ಅಡಗುತ್ತದೆ. ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರು ಹಿಂದೀಪವಿಲ್ಲದೆ ಸಾಗುತ್ತದೆ, ಕುರಿಯ ಹಿಂಡು ಅಡ್ಡ ಬರುತ್ತದೆ, ಬೈಕಿನವನು ಎಡದಿಂದ ನುಸುಳಿ ಮುಂದೆ ನಿಲ್ಲುತ್ತಾನೆ. ಚಾಲಕನು ಇವೆಲ್ಲವನ್ನೂ ಅನುಭವದಿಂದ ಊಹಿಸಿ ಸರಿದುಕೊಳ್ಳುತ್ತಾನೆ. ಗೆರೆಯನ್ನು ನಂಬಿದ ಯಂತ್ರವು ಗೆರೆ ಕಾಣದಿದ್ದಾಗ ಸುಮ್ಮನಾಗುತ್ತದೆ, ಕಂಡಾಗ ಚಕ್ರವನ್ನು ಎಳೆಯುತ್ತದೆ, ಬೈಕು ನುಸುಳಿದಾಗ ಹಠಾತ್ತನೆ ಬ್ರೇಕನ್ನು ಒತ್ತುತ್ತದೆ, ಹಿಂದೆ ಬರುವ ಬಸ್ಸಿನವನಿಗೆ ಇದರ ಕಾರಣ ತಿಳಿಯದು. ಅದಕ್ಕಾಗಿಯೇ ಅನೇಕರು ಇಂಥ ರಸ್ತೆಗಳಲ್ಲಿ ಈ ಸೌಲಭ್ಯದ ಕೆಲವು ಅಂಗಗಳನ್ನು ಆರಿಸಿಟ್ಟು ಓಡಿಸುತ್ತಾರೆ. ಹೈದರಾಬಾದಿನ ಐ.ಐ.ಐ.ಟಿ.ಯ ವಿದ್ವಾಂಸರು ಇಂಟೆಲ್ ಸಂಸ್ಥೆಯೊಡನೆ ಸೇರಿ, ಹೈದರಾಬಾದು ಬೆಂಗಳೂರುಗಳ ಮತ್ತು ಅವುಗಳ ಹೊರವಲಯದ ರಸ್ತೆಗಳ ಚಿತ್ರಗಳಿಂದ ಭಾರತೀಯ ಚಾಲನಾ ದತ್ತಾಂಶವೊಂದನ್ನು 2018ರಲ್ಲಿ ಸಿದ್ಧಪಡಿಸಿದುದಕ್ಕೆ ಕಾರಣವೂ ಇದೇ: ಯುರೋಪಿನ ರಸ್ತೆಗಳಿಂದ ಕಲಿತ ಯಂತ್ರದ ಕಣ್ಣಿಗೆ ನಮ್ಮ ರಸ್ತೆಯು ಓದಲಾಗದ ಪುಸ್ತಕ. ಬಳಸದೆ ಆರಿಸಿಡುವ ವಸ್ತುವಿಗೆ ಬೆಲೆ ಕೊಡಲು ಹಳೇಬೀಡಿನ ಕೊಳ್ಳುಗನು ಹಿಂಜರಿದರೆ ಅದು ಅಜ್ಞಾನವಲ್ಲ, ವಿವೇಕ.

ಹೀಗೆಂದು ಈ ಸೌಲಭ್ಯವನ್ನು ಪೂರ್ತಿ ತಳ್ಳಿಹಾಕುವವರ ಪಕ್ಷವನ್ನು ನಾನು ಒಪ್ಪಲಾರೆ. ಇದರೊಳಗೆ ಎರಡು ಬಗೆಯ ವಸ್ತುಗಳು ಕೂಡಿಕೊಂಡಿವೆ. ಅವುಗಳನ್ನು ಬೇರ್ಪಡಿಸಿ ಬೆಲೆ ಕಟ್ಟಬೇಕು. ಗೆರೆ ಹಿಡಿದು ಸಾಗುವುದು, ವೇಗವನ್ನು ಹೊಂದಿಸುವುದು, ಇವು ಸುಖಸಾಧನಗಳು. ತುರ್ತಿನಲ್ಲಿ ಬ್ರೇಕು ಒತ್ತುವುದು, ಕನ್ನಡಿಗೆ ಕಾಣದ ಮೂಲೆಯಲ್ಲಿ ಬೈಕು ಇದೆಯೆಂದು ಎಚ್ಚರಿಸುವುದು, ಹಿಂದಕ್ಕೆ ಸರಿಯುವಾಗ ಅಡ್ಡ ಬಂದ ಮಗುವನ್ನು ತೋರಿಸುವುದು, ಇವು ಪ್ರಾಣರಕ್ಷಣೆಯ ಸಾಧನಗಳು. ಶೀತಕಾಲದ ಮುಂಜಾನೆ ಬೇಲೂರಿನ ಕಡೆಯ ಮಂಜಿನಲ್ಲಿ ಮುಂದಿನ ಲಾರಿಯನ್ನು ರಾಡಾರು ಕಣ್ಣಿಗಿಂತ ಮೊದಲು ಕಾಣಬಲ್ಲದು. ಇವುಗಳಿಗೆ ಹಳೆಯ ಕಾರಿನಲ್ಲಿಯೂ ಬೆಲೆ ಸಲ್ಲತಕ್ಕದ್ದೇ. ಆದರೆ ಒಂದು ನಿಬಂಧನೆ: ಅವು ಕೆಲಸ ಮಾಡುತ್ತಿರಬೇಕು. ಮುಂಭಾಗದ ಗಾಜು ಒಡೆದು ಬದಲಾಯಿಸಿದಾಗ ಅದರ ಹಿಂದಿನ ಕ್ಯಾಮರಾವನ್ನು ಮತ್ತೆ ಸರಿಹೊಂದಿಸಬೇಕಾಗುತ್ತದೆ. ಬಂಪರಿಗೆ ಪೆಟ್ಟು ಬಿದ್ದು ರಸ್ತೆಬದಿಯ ಗ್ಯಾರೇಜಿನಲ್ಲಿ ದಪ್ಪಗೆ ಬಣ್ಣ ಬಳಿದರೆ ಒಳಗಿನ ರಾಡಾರಿನ ದೃಷ್ಟಿ ಮಂದವಾಗಬಹುದು. ಅಪಘಾತದ ನಂತರ ಹೊಂದಿಸದೆ ಬಿಟ್ಟ ಕ್ಯಾಮರಾವು ಕ್ಯಾಮರಾ ಇಲ್ಲದಿರುವುದಕ್ಕಿಂತ ಅಪಾಯಕರವಾದುದು, ಏಕೆಂದರೆ ಇದೆಯೆಂದು ನಂಬಿದವನು ಅಷ್ಟರಮಟ್ಟಿಗೆ ಅಜಾಗರೂಕನಾಗುತ್ತಾನೆ. ಹೀಗಾಗಿ ಎಡಾಸ್ ಇರುವ ಹಳೆಯ ಕಾರು ಪರೀಕ್ಷೆಗೆ ಒಳಪಟ್ಟು ಪ್ರಮಾಣಪತ್ರದೊಡನೆ ಬಂದರೆ ಬೆಲೆ ಏರಿಸಿಕೊಳ್ಳುತ್ತದೆ, ಇಲ್ಲವಾದರೆ ದುರಸ್ತಿಯ ಭಯದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. ವಾರಂಟಿ ಮುಗಿದ ಗಾಡಿಗೆ ಹೊಸ ರಾಡಾರು ಹಾಕಿಸಲು ಜಿಲ್ಲಾ ಕೇಂದ್ರಕ್ಕೆ ಹೋಗಿ ದಿನಗಟ್ಟಲೆ ಕಾಯಬೇಕಾದ ತಾಲ್ಲೂಕಿನವನಿಗೆ ಈ ಭಯವು ನಗರದವನಿಗಿಂತ ಹೆಚ್ಚು.

ಒಡೆತನ ಬದಲಾದಾಗ ಏನೇನು ಬದಲಾಗುತ್ತದೆಂಬ ವಿಷಯವು ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಕೇಂದ್ರ. ಎಂ.ಜಿ. ವಿಂಡ್ಸರ್ ಕಾರಿನ ಬ್ಯಾಟರಿಗೆ ಜೀವಾವಧಿಯ ವಾರಂಟಿಯುಂಟು; ಅದು ಮೊದಲ ಒಡೆಯನಿಗೆ ಮಾತ್ರ. ಮಹೀಂದ್ರದ ಹೊಸ ವಿದ್ಯುತ್ ಕಾರುಗಳಿಗೂ ಹಾಗೆಯೇ. ಮಹೀಂದ್ರದಲ್ಲಿ ಕೈ ಬದಲಾಯಿತೆಂದರೆ ವಾರಂಟಿಯು 10 ವರ್ಷ ಅಥವಾ 2 ಲಕ್ಷ ಕಿಲೋಮೀಟರಿಗೆ ಸೀಮಿತವಾಗುತ್ತದೆ. ಅದೇ ಗಾಡಿ, ಅದೇ ಬ್ಯಾಟರಿ. ಒಡೆಯನ ಹೆಸರು ಬದಲಾದ ಮಾತ್ರಕ್ಕೆ ಅದರ ಭದ್ರತೆಯು ಕಿರಿದಾಗುವುದು ಎರಡನೆಯ ಕೊಳ್ಳುಗನಿಗೆ ನ್ಯಾಯವಾದುದೆಂದು ನನಗೆ ತೋರುವುದಿಲ್ಲ. ವಿಂಡ್ಸರಿಗೆ ಮೂರು ವರ್ಷದ ನಂತರ ಶೇಕಡಾ 60ರ ಬೆಲೆಗೆ ಹಿಂಪಡೆಯುವ ಭರವಸೆಯನ್ನು ಕಂಪನಿಯೇ ಕೊಟ್ಟಿರುವುದು ಸ್ವಾಗತಾರ್ಹ, ಅದರಿಂದ ಮೊದಲನೆಯವನ ಆತಂಕ ಶಮನವಾಗುತ್ತದೆ. ಮೂರು ವರ್ಷ ಕಳೆದ ಆ ಗಾಡಿಯನ್ನು ಮುಂದೆ ಕೊಳ್ಳುವವನ ಆತಂಕಕ್ಕೆ ಅದರಲ್ಲಿ ಉತ್ತರವಿಲ್ಲ. ಇದರ ಮೇಲೆ ಮೊಬೈಲಿನ ಆಪು, ಅದಕ್ಕೆ ಬೇಕಾದ ಚಂದಾ, ಹಳೆಯ ಒಡೆಯನ ಖಾತೆ, ತಂತ್ರಾಂಶದ ಮುಂದಿನ ಪರಿಷ್ಕರಣೆಗಳು. ಇವು ಯಾವುವೂ ಆರ್.ಸಿ. ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಹಾಸನದ ಸಾರಿಗೆ ಕಚೇರಿಯಲ್ಲಿ ಹಸಿರು ಫಲಕದ ಕಾರಿನ ಹೆಸರು ಬದಲಾಯಿಸಲು ಫಾರಂ 29 ಮತ್ತು 30ನ್ನು ತುಂಬಿದವನಿಗೆ ಚಾಸಿಯ ಸಂಖ್ಯೆಯನ್ನು ಬರೆಯಲು ಜಾಗವುಂಟು, ಬ್ಯಾಟರಿಯ ಉಳಿದ ಶಕ್ತಿಯನ್ನು ಬರೆಯಲು ಜಾಗವಿಲ್ಲ, ಚಾಲನಾ ನೆರವಿನ ಯಾವ ಹಕ್ಕುಗಳು ತನಗೆ ದಾಟಿದುವೆಂದು ಬರೆಯಲು ಅದಕ್ಕಿಂತಲೂ ಇಲ್ಲ. ಯುರೋಪಿನ ಒಕ್ಕೂಟವು 2027ರ ಫೆಬ್ರವರಿಯಿಂದ ವಿದ್ಯುತ್ ವಾಹನದ ಪ್ರತಿಯೊಂದು ಹೊಸ ಬ್ಯಾಟರಿಗೂ ಡಿಜಿಟಲ್ ರಹದಾರಿಯನ್ನು ಕಡ್ಡಾಯಗೊಳಿಸಿದೆ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲಿಯೇ ಮೊದಲು ಪ್ರಕಟಿಸಿದ ಕರ್ನಾಟಕವು ಹಳೆಯ ಗಾಡಿಯ ಹಸ್ತಾಂತರದಲ್ಲಿಯೂ ಅಂಥ ಪತ್ರವೊಂದನ್ನು, ಬ್ಯಾಟರಿಯೊಡನೆ ತಂತ್ರಾಂಶದ ಹಕ್ಕುಗಳನ್ನೂ ಸೇರಿಸಿ, ಏರ್ಪಡಿಸಬಹುದು.

ತೆರಿಗೆಯ ಮಾತನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ನಮ್ಮ ಪ್ರಶ್ನೆಗೂ ಅದಕ್ಕೂ ಅಷ್ಟಾಗಿ ಗಮನಕ್ಕೆ ಬಾರದ ಸಂಬಂಧವಿದೆ. ಕರ್ನಾಟಕ ಸರ್ಕಾರವು ವಿದ್ಯುತ್ ವಾಹನಗಳಿಗೆ ಕೊಟ್ಟಿದ್ದ ರಸ್ತೆ ತೆರಿಗೆಯ ವಿನಾಯಿತಿಯನ್ನು 2024ರಲ್ಲಿ ಭಾಗಶಃ ಹಿಂತೆಗೆದುಕೊಂಡು, 25 ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳಿಗೆ ಶೇಕಡಾ 10ರ ಜೀವಾವಧಿ ತೆರಿಗೆಯನ್ನು ವಿಧಿಸಿತು. ಬಿಇ 6 ಕಾರಿನ ಆರಂಭದ ಮಾದರಿಯು 18.90 ಲಕ್ಷಕ್ಕೆ ಬಂದಿತು. ಐದು ರಾಡಾರುಗಳೊಡನೆ ಚಾಲನಾ ನೆರವಿನ ಪೂರ್ಣ ಸಾಮಗ್ರಿಯನ್ನು ಹೊತ್ತ ಮೇಲ್ಮಟ್ಟದ ಮಾದರಿಯು 26.90 ಲಕ್ಷಕ್ಕೆ. ದೊಡ್ಡ ಬ್ಯಾಟರಿ ಮೊದಲಾದ ಇತರ ಸಾಮಗ್ರಿಗಳೂ ಆ ಹೆಚ್ಚಳದಲ್ಲಿ ಸೇರಿವೆ. ಆದರೆ 25 ಲಕ್ಷದ ಗೆರೆ ದಾಟಿದ ಮೇಲೆ ತೆರಿಗೆಯು ಕಾರಿನ ಇಡೀ ಬೆಲೆಯ ಮೇಲೆ ಬೀಳುವುದರಿಂದ ಮೊದಲ ಕೊಳ್ಳುಗನು ಎರಡೂವರೆ ಲಕ್ಷಕ್ಕೂ ಮಿಕ್ಕು ಸರ್ಕಾರಕ್ಕೆ ಕೊಡಬೇಕಾಯಿತು. ಮರುಮಾರಾಟದ ದಿನ ಈ ಹಣದಲ್ಲಿ ಒಂದಂಶವನ್ನಾದರೂ ಎರಡನೆಯವನಿಂದ ಪಡೆಯಲು ಅವನು ಯತ್ನಿಸದೆ ಇರಲಾರನು. ಕೊಡಲು ಎರಡನೆಯವನು ಒಪ್ಪಲಾರನು. ಈ ಗಾಡಿಗಳು ಹಾಸನದ ಅಂಗಳಗಳನ್ನು ತಲುಪುವ ಹೊತ್ತಿಗೆ, ಅಂದರೆ 2028ರ ಸುಮಾರಿಗೆ, ಮೇಲ್ಮಟ್ಟದ ಮಾದರಿಗೂ ಕೆಳಮಟ್ಟದ ಮಾದರಿಗೂ ನಡುವಣ ಬೆಲೆಯ ಅಂತರವು ಹೊಸದರಲ್ಲಿದ್ದುದಕ್ಕಿಂತ ಬಹಳ ಕಿರಿದಾಗಿರುವುದೆಂದು ನನ್ನ ಅಂದಾಜು. ಆಗ ಹಳೇಬೀಡಿನವನು ಮೇಲಿನ ಮಾದರಿಯನ್ನೇ ಆರಿಸಿಕೊಳ್ಳಲಿ, ಗಾಜಿನ ಹಿಂದಿನ ಕ್ಯಾಮರಾವನ್ನು ಹೊಂದಿಸಿದ ದಾಖಲೆಯನ್ನೂ ಬ್ಯಾಟರಿಯ ಪರೀಕ್ಷಾ ವರದಿಯನ್ನೂ ಕೈಗೆ ತೆಗೆದುಕೊಂಡ ಮೇಲೆಯೇ ಮುಂಗಡ ಕೊಡಲಿ.